ಬೇಲಿಯಿಲ್ಲದ ಕಾರ್ಖಾನೆ

ಸಂಕಷ್ಟಿಯ ದಿನ ಉತ್ತರ ಕನ್ನಡದ ಇಡಗುಂಜಿ ಕ್ರಾಸಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ರಾಷ್ಟ್ರೀಯ ಹೆದ್ದಾರಿ 66ರ ಬದುಕೆಲ್ಲ ಕಣ್ಣೆದುರು ಹಾದುಹೋಗುತ್ತದೆ. ಮುರ್ಡೇಶ್ವರ ಮುಗಿಸಿ ಗಣಪನ ದರ್ಶನಕ್ಕೆ ತಿರುಗುವ ಯಾತ್ರಿಕರ ಬಸ್ಸು, ಕಾಸರಕೋಡಿನಿಂದ ಹೊರಟ ಮೀನಿನ ಗಾಡಿ, ರಸ್ತೆ ದಾಟಲು ಕಾದು ನಿಂತ ಶಾಲೆಯ ಮಕ್ಕಳು, ಹಣ್ಣುಕಾಯಿ ಹಿಡಿದ ಹೆಂಗಸರು. ಇವರೆಲ್ಲರ ನಡುವೆ, ಮಂಗಳೂರು ಕಡೆಯಿಂದ ಗೋವಾ ಮತ್ತು ಹುಬ್ಬಳ್ಳಿಯ ಕಡೆಗೆ, ದುಂಡನೆಯ ಉದ್ದ ಹೊಟ್ಟೆಯ ಗ್ಯಾಸ್ ಟ್ಯಾಂಕರುಗಳು. ಕರಾವಳಿಯಲ್ಲಿ ಇವಕ್ಕೆ ಬುಲೆಟ್ ಟ್ಯಾಂಕರ್ ಎಂದೇ ಹೆಸರು. ಅಂಥ ಒಂದು ಟ್ಯಾಂಕರಿನಲ್ಲಿ ಸಾಮಾನ್ಯವಾಗಿ ಹದಿನೇಳು ಹದಿನೆಂಟು ಟನ್ ಎಲ್‌ಪಿಜಿ ಇರುತ್ತದೆ. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 1,200 ಸಿಲಿಂಡರುಗಳ ಗ್ಯಾಸು ಒಂದೇ ಪಾತ್ರೆಯಲ್ಲಿ, ಒತ್ತಡದಲ್ಲಿ, ಹತ್ತಾರು ಚಕ್ರಗಳ ಮೇಲೆ ನಮ್ಮ ಅಂಗಳದ ಮುಂದೆ ಹೋಗುತ್ತಿದೆ. 1,200 ಸಿಲಿಂಡರುಗಳನ್ನು ಯಾರಾದರೂ ಆ ಕ್ರಾಸಿನಲ್ಲಿ ಒಂದು ಶೆಡ್ಡು ಕಟ್ಟಿ ಇಡುತ್ತೇವೆಂದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಅನುಮತಿ ಕೊಡುವ ಅಧಿಕಾರಿಯೂ ಹತ್ತು ಸಲ ಯೋಚಿಸುತ್ತಿದ್ದರು.

ಈ ವ್ಯತ್ಯಾಸ ಹೇಗೆ ಬಂತು ಎಂದು ಹುಡುಕಿದರೆ ದಾರಿ ಭೋಪಾಲಕ್ಕೆ ಹೋಗಿ ಮುಟ್ಟುತ್ತದೆ. 1984ರ ಡಿಸೆಂಬರಿನ ವಿಷಾನಿಲ ದುರಂತದ ಆ ರಾತ್ರಿಯ ನಂತರವೇ ನಮ್ಮಲ್ಲಿ ಅಪಾಯಕಾರಿ ರಾಸಾಯನಿಕಗಳ ಬಗ್ಗೆ ಗಂಭೀರವಾದ ಕಾನೂನುಗಳು ಹುಟ್ಟಿದ್ದು: 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅದರಡಿಯಲ್ಲಿ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 1996ರ ರಾಸಾಯನಿಕ ಅಪಘಾತ ನಿಯಮಗಳು. ಭೋಪಾಲದ ನೆನಪಿನಲ್ಲಿ ಬರೆದದ್ದರಿಂದ ಇವುಗಳ ಕಣ್ಣು ಮುಖ್ಯವಾಗಿ ಕಾರ್ಖಾನೆಯ ಬೇಲಿಯ ಮೇಲೆ ನೆಟ್ಟಿದೆ. 1989ರ ನಿಯಮಗಳ ಪ್ರಕಾರ ಉರಿಯುವ ಅನಿಲ 15 ಟನ್ ಅಥವಾ ಅದಕ್ಕಿಂತ ಹೆಚ್ಚು ಇರುವ ಜಾಗದ ಮೇಲೆ ವಿಶೇಷ ಹೊಣೆಗಳು ಬೀಳುತ್ತವೆ. ಒಳಗಿನವರಿಗೊಂದು, ಹೊರಗಿನ ನೆರೆಹೊರೆಗೊಂದು ತುರ್ತು ಯೋಜನೆ ಬೇಕು, ಅಪಘಾತವಾದರೆ ಏನು ಮಾಡಬೇಕೆಂಬುದನ್ನು ಸುತ್ತಲಿನವರಿಗೆ ಮೊದಲೇ ತಿಳಿಸಿರಬೇಕು. ಒಂದು ತುಂಬಿದ ಬುಲೆಟ್ ಟ್ಯಾಂಕರಿನಲ್ಲಿ ಇರುವುದು ಆ 15 ಟನ್ನಿಗಿಂತ ಹೆಚ್ಚು. ಅಂದರೆ ಕಾನೂನು ಯಾವ ಪ್ರಮಾಣವನ್ನು ಕಂಡು ಎಚ್ಚರವಾಗುತ್ತದೋ ಅಷ್ಟು ಗ್ಯಾಸು ದಿನಕ್ಕೆ ಎಷ್ಟೋ ಸಲ ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳ ಮೂಲಕ ಹಾದುಹೋಗುತ್ತದೆ. ವಾಹನಕ್ಕೆ, ಚಾಲಕನಿಗೆ, ಸರಕು ಕಳಿಸುವವರಿಗೆ ಬೇರೆ ನಿಯಮಗಳಿವೆ, ಅವು ಒಳ್ಳೆಯವೇ. ರಸ್ತೆಬದಿಯ ಮನೆಯವನಿಗೆ ಮಾತ್ರ ಆ ಕಾಗದಗಳಲ್ಲಿ ಜಾಗವಿಲ್ಲ. ಹೆದ್ದಾರಿಯ ಪಕ್ಕದವನೂ ಕಾರ್ಖಾನೆಯ ನೆರೆಯವನೇ, ಕಾರ್ಖಾನೆಯ ನೆರೆಯವನಿಗೆ ಸಿಗುವ ತಿಳಿವಳಿಕೆಯೂ ರಕ್ಷಣೆಯೂ ಅವನಿಗೆ ಸಿಗಬೇಕು ಎಂಬುದೇ ಈ ಬರಹದ ವಾದ.

ಇದು ಊಹೆಯ ಭಯವಲ್ಲ. ಮಂಗಳೂರು ಬಂದರನ್ನು ನಡುವಿಟ್ಟುಕೊಂಡು ಉತ್ತರ, ದಕ್ಷಿಣ, ಪೂರ್ವ ಮೂರೂ ದಿಕ್ಕಿನ ರಸ್ತೆಗಳಲ್ಲಿ ನೋಡಿ. 2012ರ ಆಗಸ್ಟ್ 27ರ ರಾತ್ರಿ, ಓಣಂ ಹಬ್ಬ ಬಾಗಿಲಲ್ಲಿರುವಾಗ, ಮಂಗಳೂರಿನಿಂದ ಕೋಯಿಕ್ಕೋಡಿನ ಕಡೆಗೆ ಹೊರಟಿದ್ದ ಟ್ಯಾಂಕರು ಕಣ್ಣೂರಿನ ಚಾಲದಲ್ಲಿ ರಸ್ತೆ ವಿಭಜಕಕ್ಕೆ ಬಡಿದು ಉರುಳಿತು. ಸುತ್ತಲ ಮನೆಗಳ 20 ಮಂದಿ ಸುಟ್ಟ ಗಾಯಗಳಿಂದ ತೀರಿಕೊಂಡರು. ಎಂಟು ತಿಂಗಳೂ ಕಳೆದಿರಲಿಲ್ಲ, 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಬೆಂಗಳೂರು ಹೆದ್ದಾರಿಯ ಮೇಲೆ ಮತ್ತೊಂದು ಟ್ಯಾಂಕರು ಪಲ್ಟಿಯಾಯಿತು. ರಸ್ತೆಬದಿಯ ಮನೆ ಅಂಗಡಿಗಳು ಉರಿದುಹೋದವು. 2015ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯ ಸರದಿ. ಊರು ಇನ್ನೂ ಪೂರ್ತಿ ಎದ್ದಿರಲಿಲ್ಲ. ಟ್ಯಾಂಕರು ಉರುಳಿ ಸೋರಿದ ಗ್ಯಾಸು ಮನೆಗಳ ನಡುವೆ ಹರಡಿ ಹೊತ್ತಿಕೊಂಡಿತು. ಬೆಂದವರಲ್ಲಿ ಹಲವರು ಆ ದಿನವೂ ಮುಂದಿನ ದಿನಗಳಲ್ಲಿ ಆಸ್ಪತ್ರೆಗಳಲ್ಲೂ ಒಬ್ಬೊಬ್ಬರಾಗಿ ಸತ್ತರು. ಅವರಲ್ಲಿ ಹೆಚ್ಚಿನವರು ಆ ಟ್ಯಾಂಕರಿನ ಚಾಲಕರಲ್ಲ, ಪ್ರಯಾಣಿಕರೂ ಅಲ್ಲ, ತಮ್ಮ ಮನೆಯಲ್ಲಿ ತಾವಿದ್ದವರು.

ಬರ್ಗಿ ಯಾಕೆ ಹಾಗಾಯಿತು ಎಂದು ತಿಳಿಯಲು ಗ್ಯಾಸಿನ ಗುಣವನ್ನೂ ನಮ್ಮ ನೆಲದ ಗುಣವನ್ನೂ ಒಟ್ಟಿಗೆ ನೋಡಬೇಕು. ಟ್ಯಾಂಕರಿನೊಳಗೆ ಎಲ್‌ಪಿಜಿ ದ್ರವವಾಗಿರುತ್ತದೆ. ಒತ್ತಡ ತಪ್ಪಿ ಹೊರಬಿದ್ದೊಡನೆ ಕುದಿದು ಸುಮಾರು 250 ಪಟ್ಟು ಹಿಗ್ಗುತ್ತದೆ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಹಾಗಾಗಿ ಹೊಗೆಯಂತೆ ಮೇಲೇರುವುದಿಲ್ಲ, ನೀರಿನಂತೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಕಿಡಿ ತಾಗಿದರೆ ಹೊತ್ತುತ್ತದೆ. ಈಗ ನಮ್ಮ ಕರಾವಳಿಯ ಹೆದ್ದಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗುಡ್ಡ ಕಡಿದು ಮಣ್ಣು ತುಂಬಿ ಏರಿಸಿದ ರಸ್ತೆ. ಅದರ ಪಡುಬದಿಗೆ ಇಳಿಜಾರು, ಇಳಿಜಾರಿನ ಕೆಳಗೆ ಮನೆ, ಹಿತ್ತಿಲು, ತೆಂಗಿನ ತೋಟ, ತೋಟದ ನಡುವೆ ಕಾಲುವೆ ಮತ್ತು ತೆರೆದ ಬಾವಿ, ಆಮೇಲೆ ಗದ್ದೆ ಅಥವಾ ಉಪ್ಪುನೀರಿನ ಗಜನಿ ಬಯಲು. ಸೋರಿದ ಗ್ಯಾಸಿಗೆ ಇದಕ್ಕಿಂತ ಸಲೀಸಾದ ಹಾದಿ ಬೇರಿಲ್ಲ. ನಸುಕಿನಲ್ಲಿ ಘಟ್ಟದಿಂದ ಕಡಲಿನ ಕಡೆಗೆ ಬೀಸುವ ತಣ್ಣನೆಯ ನೆಲಗಾಳಿಯೂ ಅದನ್ನು ಅದೇ ದಿಕ್ಕಿಗೆ ತಳ್ಳುತ್ತದೆ. ಅದೇ ಹೊತ್ತಿಗೆ ನಮ್ಮ ಮನೆಗಳಲ್ಲಿ ನಡೆಯುವ ಮೊದಲ ಕೆಲಸವೇನು? ಬಚ್ಚಲ ಒಲೆಗೆ ಬೆಂಕಿ ಹಾಕುವುದು, ಚಹಾಕ್ಕೆ ನೀರಿಡುವುದು, ದೇವರ ಮುಂದೆ ದೀಪ ಹಚ್ಚುವುದು. ಅದರ ಮೇಲೆ, ನಾವು ವಾಸನೆ ಬಂತೆಂದರೆ ಏನದು ಎಂದು ನೋಡಲು ಟಾರ್ಚು ಹಿಡಿದು ಅತ್ತಲೇ ನಡೆಯುವ ಜನ, ಅಥವಾ ಬೆಳಕಿಗೆ ಸ್ವಿಚ್ಚು ಒತ್ತುವ ಜನ. ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೂ ಸಾಕಾಗುತ್ತದೆ ಎಂಬುದನ್ನು ಯಾರೂ ಅವರಿಗೆ ಮೊದಲೇ ಹೇಳಿರುವುದಿಲ್ಲ.

ಬೆಂಕಿ ಹತ್ತಿದ ಮೇಲಿನ ಕಥೆ ಇನ್ನೂ ಕಠಿಣ. ಉರಿಯು ಟ್ಯಾಂಕಿನ ಮೇಲ್ಭಾಗದ ಉಕ್ಕನ್ನು, ಒಳಗೆ ದ್ರವವಿಲ್ಲದೆ ಒಣಗಿರುವ ಭಾಗವನ್ನು, ಕಾಯಿಸುತ್ತ ಹೋದರೆ ಅದು ಮೆತ್ತಗಾಗಿ ಸೀಳುತ್ತದೆ. ಒಳಗಿದ್ದ ದ್ರವ ಒಂದೇ ಉಸಿರಿಗೆ ಕುದಿದು ಬೆಂಕಿಯ ಚೆಂಡಾಗಿ ಮೇಲೇಳುತ್ತದೆ. ಅದನ್ನು ತಡೆಯಲು ಟ್ಯಾಂಕಿನ ಮೈಮೇಲೆ ಎಡೆಬಿಡದೆ ನೀರು ಸುರಿಯಬೇಕು, ಆದರೆ ಅಗ್ನಿಶಾಮಕ ವಾಹನವೊಂದು ಹೊತ್ತು ತರುವ ಕೆಲವು ಸಾವಿರ ಲೀಟರ್ ನೀರು ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಅಮೆರಿಕ, ಕೆನಡಾ, ಮೆಕ್ಸಿಕೋಗಳಲ್ಲಿ ತುರ್ತು ಸಿಬ್ಬಂದಿ ಬಳಸುವ ಕೈಪಿಡಿ ಇಂಥ ಟ್ಯಾಂಕರು ಬೆಂಕಿಗೆ ಸಿಕ್ಕಿದಾಗ ಎಲ್ಲ ದಿಕ್ಕಿಗೂ 1,600 ಮೀಟರ್ ಜಾಗ ತೆರವು ಮಾಡಿ ಎನ್ನುತ್ತದೆ. ಹೊನ್ನಾವರ ಪೇಟೆಯಲ್ಲಿ ಹೆದ್ದಾರಿಯಿಂದ ಆಚೀಚೆ ಅಷ್ಟು ದೂರ ಅಳೆದರೆ ಪೇಟೆಯೇ ಉಳಿಯುವುದಿಲ್ಲ. ಗ್ಯಾಸನ್ನು ಬೇರೆ ಟ್ಯಾಂಕರಿಗೆ ವರ್ಗಾಯಿಸುವ ಪರಿಣತರು, ಸಲಕರಣೆ ಮಂಗಳೂರಿನಿಂದ ಬರಬೇಕಾದರೆ ಸುಮಾರು 180 ಕಿಲೋಮೀಟರ್ ದಾರಿ. ಬೆಂದವರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯಬೇಕಾದರೆ ನೂರು ಕಿಲೋಮೀಟರಿಗಿಂತ ಹೆಚ್ಚು. ದೊಡ್ಡ ಆಸ್ಪತ್ರೆ ಬೇಕೆಂದು ಈ ಜಿಲ್ಲೆಯ ಜನ ವರ್ಷಗಳಿಂದ ಕೂಗುತ್ತಿದ್ದಾರಲ್ಲ, ಆ ಕೂಗಿನಲ್ಲಿ ಹೆದ್ದಾರಿಯ ಈ ಲೆಕ್ಕವೂ ಸೇರಿದೆ. ಸುಟ್ಟ ಗಾಯಕ್ಕೆ ಮೊದಲ ಕೆಲವು ಗಂಟೆಗಳೇ ಜೀವ, ನಮ್ಮಲ್ಲಿ ಆ ಗಂಟೆಗಳು ಆಂಬುಲೆನ್ಸಿನೊಳಗೆ ಕಳೆಯುತ್ತವೆ.

ಇಲ್ಲಿ ಗ್ಯಾಸಿನದಷ್ಟೇ ಮಾತಾಡಿದರೆ ಸಾಲದು. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯಿದೆ, ಅಂಥ ಕಾರ್ಖಾನೆಯಲ್ಲಿ ಕ್ಲೋರಿನ್ನೂ ಹೈಡ್ರೋಕ್ಲೋರಿಕ್ ಆಮ್ಲವೂ ತಯಾರಾಗುತ್ತವೆ. ಮಂಗಳೂರಿನ ತೈಲ ಶುದ್ಧೀಕರಣಾಗಾರದಿಂದ ಪೆಟ್ರೋಲು, ಡೀಸೆಲ್ಲು, ಕಾದ ಡಾಂಬರು ಹೊರಡುತ್ತವೆ. ಒಂದೊಂದಕ್ಕೂ ಒಂದೊಂದು ಸ್ವಭಾವ. ಪೆಟ್ರೋಲಿನ ಬೆಂಕಿಗೆ ನೊರೆ ಬೇಕು, ನೀರಿನ ಧಾರೆ ಹಾಯಿಸಿದರೆ ಬೆಂಕಿ ನೀರಿನ ಮೇಲೆ ತೇಲಿ ಮುಂದೆ ಸಾಗುತ್ತದೆ. ಗಟ್ಟಿ ಗಂಧಕಾಮ್ಲದ ಮೇಲೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ. ಕ್ಲೋರಿನ್ ಸೋರಿದರೆ ಗಾಳಿಗೆ ಅಡ್ಡಲಾಗಿ ದೂರ ಓಡಿ ಎತ್ತರದ ಜಾಗ ಹಿಡಿಯಬೇಕು. ಯಾವುದು ಯಾವುದೆಂದು ದೂರದಿಂದಲೇ ತಿಳಿಯಲಿ ಎಂದೇ ಟ್ಯಾಂಕರಿನ ಹಿಂದೆ, ಪಕ್ಕಕ್ಕೆ ಒಂದು ಫಲಕ ಇರುತ್ತದೆ. ಅದರಲ್ಲಿ ನಾಲ್ಕು ಅಂಕಿಯ ವಿಶ್ವಸಂಸ್ಥೆ ಸಂಖ್ಯೆ: 1075 ಎಂದರೆ ಎಲ್‌ಪಿಜಿ, 1203 ಪೆಟ್ರೋಲು, 1017 ಕ್ಲೋರಿನ್, 1824 ಕಾಸ್ಟಿಕ್ ಸೋಡಾ ದ್ರಾವಣ, 1789 ಹೈಡ್ರೋಕ್ಲೋರಿಕ್ ಆಮ್ಲ. ಜೊತೆಗಿರುವ ಸಂಕೇತಾಕ್ಷರಗಳ ಕೊನೆಗೆ ಇಂಗ್ಲಿಷಿನ ‘ಇ’ ಇದ್ದರೆ ಸುತ್ತಲ ಜನರನ್ನು ತೆರವು ಮಾಡುವುದನ್ನು ಯೋಚಿಸಿ ಎಂದರ್ಥ. ನಾಲ್ಕು ಅಂಕಿ, ಒಂದು ಅಕ್ಷರ. ಪ್ರೌಢಶಾಲೆಯ ಹುಡುಗಿ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ವಿಷಯ. ಅಪಘಾತದ ಮೊದಲ ಹತ್ತು ನಿಮಿಷ ಸ್ಥಳದಲ್ಲಿ ಇರುವವರು ಅಗ್ನಿಶಾಮಕದವರಲ್ಲ, ರಿಕ್ಷಾದವರು, ಅಂಗಡಿಯವರು, ಊರಿನ ಹುಡುಗರು. 112ಕ್ಕೋ, ಗ್ಯಾಸ್ ಸೋರಿಕೆಗೆಂದೇ ಇರುವ 1906ಕ್ಕೋ ಕರೆ ಮಾಡುವವರು ಆ ಸಂಖ್ಯೆಯನ್ನು ಓದಿ ಹೇಳಿದರೆ, ಹೊರಡುವ ವಾಹನ ನೊರೆ ತರಬೇಕೋ ನೀರೋ ಎಂಬುದು ಠಾಣೆಯಲ್ಲೇ ತೀರ್ಮಾನವಾಗುತ್ತದೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ತಪ್ಪೆಲ್ಲ ಚಾಲಕನದು, ಅವನನ್ನು ಸರಿಮಾಡಿದರೆ ಸಾಕು ಎಂಬುದು. ಚಾಲಕನಿಗೆ ನಿಯಮಗಳು ಕಡಿಮೆಯೇನಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ ಅಪಾಯಕಾರಿ ಸರಕು ಸಾಗಿಸುವವನಿಗೆ ಓದುಬರಹ ಬರಬೇಕು, ಮೂರು ದಿನಗಳ ತರಬೇತಿ ಆಗಿ ಪರವಾನಗಿಯಲ್ಲಿ ನಮೂದಾಗಿರಬೇಕು. ಆದರೆ ಟ್ಯಾಂಕರು ಸಾಮಾನ್ಯ ಲಾರಿಯಂತೆ ವರ್ತಿಸುವುದಿಲ್ಲ. ಬಿಸಿಲಿಗೆ ಹಿಗ್ಗಲು ಜಾಗ ಬೇಕೆಂದು ಎಲ್‌ಪಿಜಿಯನ್ನು ಎಂದೂ ಪೂರ್ತಿ ತುಂಬುವುದಿಲ್ಲ; ಆ ಖಾಲಿ ಜಾಗದಿಂದಾಗಿ ತಿರುವಿನಲ್ಲಿ ದ್ರವ ಒಂದು ಬದಿಗೆ ತೂಗುತ್ತದೆ, ಹೊಟ್ಟೆಯೂ ನೆಲದಿಂದ ಎತ್ತರದಲ್ಲಿರುವುದರಿಂದ ತುಸು ವೇಗ ಹೆಚ್ಚಾದರೂ ಗಾಡಿ ಮಗುಚುತ್ತದೆ. ಅದನ್ನು ಓಡಿಸುವವರಲ್ಲಿ ಎಷ್ಟೋ ಮಂದಿ ತಮಿಳುನಾಡಿನ ನಾಮಕ್ಕಲ್ ಕಡೆಯವರು, ಮನೆಯಿಂದ ನೂರಾರು ಕಿಲೋಮೀಟರ್ ದೂರ ಬಂದು, ಮಂಗಳೂರಿನಿಂದ ಅಂಕೋಲೆಗೆ ಕಡಲ ದಂಡೆಯ ರಸ್ತೆ, ಅಲ್ಲಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವವರು. 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ ಎಂದು ಕಾನೂನು ಹೇಳಿತ್ತು. ಎಂಟು ಗಂಟೆಗೆ ಗಾಡಿ ನಿಲ್ಲಿಸಬೇಕೆಂದರೆ ನಿಲ್ಲಿಸಲು ಜಾಗ ಬೇಕಲ್ಲ? ಚಾಲಕನ ನಿದ್ದೆಗೆ ಜಾಗ ಮಾಡದೆ ಅವನ ತೂಕಡಿಕೆಯನ್ನು ದೂರುವುದು ನ್ಯಾಯವಲ್ಲ.

ಶಿರೂರು ಈ ಮಾತಿಗೆ ಸಾಕ್ಷಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಚಹಾ ಅಂಗಡಿಯ ಬಳಿ ನಿಂತಿದ್ದ ವಾಹನಗಳಲ್ಲಿ ಗ್ಯಾಸ್ ಟ್ಯಾಂಕರೂ ಇತ್ತು. ಅದು ಮಣ್ಣಿನ ಜೊತೆ ಗಂಗಾವಳಿಗೆ ಬಿದ್ದು, ನೆರೆಯ ನೀರಿನಲ್ಲಿ ತೇಲಿ ಸಗಡಗೇರಿಯ ಕಡೆಗೆ ಸಾಗಿತು. ಸುತ್ತಲ ಮನೆಯವರನ್ನು ಎಬ್ಬಿಸಿ ದೂರ ಕಳಿಸಿ, ಒಳಗಿದ್ದ ಗ್ಯಾಸನ್ನು ಎಚ್ಚರಿಕೆಯಿಂದ ಹೊರಬಿಡಬೇಕಾಯಿತು. ಹೆದ್ದಾರಿಯಿಂದ ದೂರ, ಹೊಳೆದಂಡೆಯಲ್ಲಿ, ಟ್ಯಾಂಕರಿನ ದಾರಿ ತಮ್ಮ ದಾರಿಯೆಂದು ಕನಸಿನಲ್ಲೂ ಎಣಿಸಿರದ ಜನ ಆ ದಿನ ಮನೆ ಬಿಟ್ಟರು. ಗುಡ್ಡದ ಬುಡದಲ್ಲಿ ಚಹಾ ಕುಡಿಯಲು ನಿಂತದ್ದು ಯಾವ ಚಾಲಕನ ಅಪರಾಧವೂ ಅಲ್ಲ. ಆ ಉದ್ದಕ್ಕೂ ಅವನಿಗೆಂದು ಗೊತ್ತುಮಾಡಿದ, ಜನವಸತಿಯಿಂದಲೂ ಕಡಿದ ಗುಡ್ಡದಿಂದಲೂ ದೂರವಿರುವ ತಂಗುದಾಣ ಇರಬೇಕಿತ್ತು.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ದಿನವೂ ಇಷ್ಟೊಂದು ಟ್ಯಾಂಕರುಗಳು ಓಡಾಡುತ್ತವೆ, ದುರಂತವಾಗುವುದು ಎಷ್ಟೋ ವರ್ಷಕ್ಕೊಮ್ಮೆ. ಬೈಕು, ಕಾರು, ಬಸ್ಸಿನ ಅಪಘಾತಗಳಲ್ಲಿ ಸಾಯುವವರ ಮುಂದೆ ಇದು ಸಣ್ಣ ಸಂಖ್ಯೆ ಎನ್ನುತ್ತಾರೆ. ಸಂಖ್ಯೆಯಾಗಿ ಇದು ನಿಜ, ಅಲ್ಲಗಳೆಯಲಾರೆ. ಆದರೆ ಅಪರೂಪದ, ದೊಡ್ಡ ಅಪಾಯಕ್ಕೆ ಹೇಗೆ ಸಿದ್ಧರಾಗಬೇಕೆಂಬುದನ್ನು ಇದೇ ಜಿಲ್ಲೆ ಚೆನ್ನಾಗಿ ಬಲ್ಲದು. ಕೈಗಾದಲ್ಲಿ 2000ದಿಂದ ಅಣು ವಿದ್ಯುತ್ ಸ್ಥಾವರ ನಡೆಯುತ್ತಿದೆ. ಅಲ್ಲಿ ಹೊರಗಿನ ಜನರನ್ನು ತೆರವು ಮಾಡಬೇಕಾದ ದುರಂತ ಎಂದೂ ಆಗಿಲ್ಲ. ಆದರೂ ಸ್ಥಾವರದ ಸುತ್ತ ವಲಯಗಳನ್ನು ಗುರುತಿಸಿ, ಯಾವ ಊರಿನವರು ಯಾವ ದಾರಿಯಲ್ಲಿ ಎಲ್ಲಿಗೆ ಹೋಗಬೇಕೆಂದು ಬರೆದಿಟ್ಟು, ಜಿಲ್ಲಾಡಳಿತವನ್ನು ಸೇರಿಸಿಕೊಂಡು ಅಣಕು ಕಾರ್ಯಾಚರಣೆ ಮಾಡುತ್ತಾರೆ. ಅದು ಸರಿಯಾದದ್ದು, ಹಾಗೆಯೇ ಆಗಬೇಕು. ಹೀಗಿರುವಾಗ ಈಗಾಗಲೇ ಜನರನ್ನು ಸುಟ್ಟಿರುವ, ಈಗಾಗಲೇ ಹೊಳೆಗೆ ಬಿದ್ದಿರುವ ಅಪಾಯಕ್ಕೆ ಹೆದ್ದಾರಿಯ ಉದ್ದಕ್ಕೂ ಅಂಥದೇ ಯೋಜನೆ ಏಕೆ ಬೇಡ? ಅಪರೂಪ ಎಂಬ ಮಾತು ಸ್ಥಾವರಕ್ಕೆ ಒಂದು ತಕ್ಕಡಿ, ರಸ್ತೆಗೆ ಇನ್ನೊಂದು ತಕ್ಕಡಿ ಆಗಬಾರದು. 1996ರ ನಿಯಮಗಳಲ್ಲಿ ಜಿಲ್ಲಾಧಿಕಾರಿಗಳ ನೇತೃತ್ವದ ಬಿಕ್ಕಟ್ಟು ನಿರ್ವಹಣಾ ಸಮಿತಿ ಇದ್ದೇ ಇದೆ; ಅದರ ನಕ್ಷೆಯಲ್ಲಿ ಕಾರ್ಖಾನೆಯ ಚುಕ್ಕಿಗಳ ಜೊತೆ ಹೆದ್ದಾರಿಯ ಗೆರೆಯನ್ನೂ ಎಳೆಯಬೇಕು.

ರಸ್ತೆ ಚತುಷ್ಪಥವಾಗಿದೆ, ಇನ್ನು ಭಯವಿಲ್ಲ ಎನ್ನುವವರೂ ಇದ್ದಾರೆ. ಎದುರುಬದುರಿನ ಡಿಕ್ಕಿ ಕಡಿಮೆಯಾಗುತ್ತದೆ, ಸರಿ. ಆದರೆ ವೇಗ ಹೆಚ್ಚಿತು, ತಿರುವು ಹಾಗೇ ಉಳಿಯಿತು, ವಿಭಜಕವೊಂದು ಬಂತು. ಚಾಲದಲ್ಲಿ ಟ್ಯಾಂಕರು ಬಡಿದದ್ದು ವಿಭಜಕಕ್ಕೇ. 2024ರ ಡಿಸೆಂಬರ್ 20ರಂದು ಜೈಪುರದ ಹೊರಗೆ ಅಜ್ಮೀರ್ ಹೆದ್ದಾರಿಯಲ್ಲಿ ತಿರುಗುತ್ತಿದ್ದ ಗ್ಯಾಸ್ ಟ್ಯಾಂಕರಿಗೆ ಲಾರಿ ಬಡಿದು ಹದಿನೈದಕ್ಕೂ ಹೆಚ್ಚು ಜನ ಸತ್ತದ್ದು ಅಗಲವಾದ ಹೆದ್ದಾರಿಯಲ್ಲೇ.

ಕೊನೆಯ ಆಕ್ಷೇಪ ಎಲ್ಲರ ಅಡುಗೆಮನೆಯಿಂದ ಬರುತ್ತದೆ: ಗ್ಯಾಸು ಬೇಕಲ್ಲ? ಬೇಕು. ಹೊಗೆ ತುಂಬಿದ ಒಲೆಯ ಮುಂದೆ ಕಣ್ಣು, ಶ್ವಾಸಕೋಶ ಕಳೆದುಕೊಂಡ ತಾಯಂದಿರನ್ನು ಬಲ್ಲ ಯಾರೂ ಗ್ಯಾಸು ಬೇಡ ಎನ್ನಲಾರರು. ದೇಶ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ಬಂದರಿನಿಂದ ಒಳನಾಡಿಗೆ ಅದು ಹೇಗಾದರೂ ಹೋಗಲೇಬೇಕು. ಹೇಗೆ ಎಂಬುದರಲ್ಲಿ ಆಯ್ಕೆಯಿದೆ. ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಎಲ್‌ಪಿಜಿ ಕೊಳವೆಮಾರ್ಗ 2016ರಲ್ಲಿ ಬಂತು. ಪೆರ್ನೆಯ ಮೂಲಕ ಶಿರಾಡಿ ಘಟ್ಟ ಹತ್ತಬೇಕಿದ್ದ ಗ್ಯಾಸಿನ ದೊಡ್ಡ ಪಾಲು ನೆಲದೊಳಗೆ ಸಾಗುವಂತಾಯಿತು. ಗುಜರಾತಿನ ಕಾಂಡ್ಲಾದಿಂದ ಗೋರಖಪುರಕ್ಕೆ 2,700 ಕಿಲೋಮೀಟರಿಗೂ ಉದ್ದದ ಮಾರ್ಗ ಯೋಜಿಸಿದ್ದೂ ಇದೇ ವಿಚಾರದಿಂದ. ಕೊಳವೆ, ರೈಲು ಪೂರ್ತಿ ನಿರಪಾಯವೆಂದು ನಾನು ಹೇಳುತ್ತಿಲ್ಲ. 2014ರ ಜೂನ್ 27ರಂದು ಆಂಧ್ರದ ನಗರಂನಲ್ಲಿ ನೈಸರ್ಗಿಕ ಅನಿಲದ ಕೊಳವೆ ಸೋರಿ ಇಪ್ಪತ್ತು ಮಂದಿಗೂ ಹೆಚ್ಚು ಸತ್ತರು. 2009ರಲ್ಲಿ ಇಟಲಿಯ ವಿಯರೆಜ್ಜೋದಲ್ಲಿ ಎಲ್‌ಪಿಜಿ ರೈಲು ಹಳಿ ತಪ್ಪಿ 32 ಜೀವಗಳು ಹೋದವು. ಕೊಂಕಣ ರೈಲ್ವೆ ಸುರತ್ಕಲ್ಲಿನಿಂದ ಲಾರಿಗಳನ್ನೇ ಬೋಗಿಯ ಮೇಲೇರಿಸಿ ಒಯ್ಯುತ್ತದೆ, ಟ್ಯಾಂಕರನ್ನೂ ಹಾಗೆ ಒಯ್ಯಲಿ ಎಂಬ ಸಲಹೆ ಕೇಳಲು ಹಿತ. ಸುರಂಗಗಳ ಸಾಲಿರುವ, ತಲೆಯ ಮೇಲೆ ವಿದ್ಯುತ್ ತಂತಿಯಿರುವ ಹಳಿಯ ಮೇಲೆ ತುಂಬಿದ ರಸ್ತೆ ಟ್ಯಾಂಕರನ್ನು ಒಯ್ಯುವುದು ನನಗೆ ಸರಿಕಾಣದು; ರೈಲಿಗೆಂದೇ ಕಟ್ಟಿದ ಗ್ಯಾಸ್ ವ್ಯಾಗನ್ನುಗಳು ಬೇರೆ ಮಾತು. ಒಟ್ಟಿನಲ್ಲಿ ಕೊಳವೆ ಅಂಗಡಿಯ ಮುಂದೆ ನಿಲ್ಲುವುದಿಲ್ಲ, ನಿದ್ದೆಗೆಡುವುದಿಲ್ಲ, ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಮಂಗಳೂರಿನಿಂದ ಉತ್ತರದ ದಿಕ್ಕಿಗೂ ಅಂಥ ಎಲ್‌ಪಿಜಿ ಮಾರ್ಗ ಬೇಕೆಂದು ಉತ್ತರ ಕನ್ನಡ ಕೇಳುವುದು ಅತಿಯಾಸೆಯಲ್ಲ.

ಅದು ಬರುವವರೆಗೆ ರಸ್ತೆಯೇ ಗತಿ. ರಸ್ತೆಯ ಮಟ್ಟಿಗೆ ಸ್ಪೇನಿನ ಅನುಭವ ನಮಗೆ ತೀರಾ ಹತ್ತಿರದ್ದು. 1978ರ ಜುಲೈ 11ರಂದು ಮಿತಿಮೀರಿ ಪ್ರೊಪಿಲೀನ್ ತುಂಬಿದ್ದ ಟ್ಯಾಂಕರೊಂದು, ಟೋಲಿನ ಹೆದ್ದಾರಿಯನ್ನು ಬಿಟ್ಟು, ಕಡಲ ದಂಡೆಯ ಹಳೆಯ ರಸ್ತೆಯಲ್ಲಿ ಬಂತು. ಲೋಸ್ ಅಲ್ಫಾಕೆಸ್ ಎಂಬಲ್ಲಿ ಪ್ರವಾಸಿಗರು ಡೇರೆ ಹಾಕಿದ್ದ ತಾಣದ ಪಕ್ಕ ಅದು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸ್ಪೇನು ಇಂಥ ವಾಹನಗಳು ಊರೊಳಗೆ ಹಾಯುವುದಕ್ಕೆ ಮಿತಿ ಹಾಕಿತು, ಹೊರಹೆದ್ದಾರಿ ಇದ್ದಲ್ಲಿ ಅದನ್ನೇ ಹಿಡಿಯಬೇಕೆಂದಿತು. ಯಾವ ದಾರಿ, ಯಾವ ಹೊತ್ತು ಎಂಬುದನ್ನು ಸಾಗಣೆದಾರನ ಅನುಕೂಲಕ್ಕೆ ಬಿಡದೆ ಊರಿನ ಲೆಕ್ಕದಿಂದ ತೀರ್ಮಾನಿಸುವುದು ಅದರ ತಿರುಳು. ನಮ್ಮಲ್ಲಿ ಈಗ ಹೊಸ ಟ್ಯಾಂಕರುಗಳಿಗೆ ಸ್ಥಾನ ಪತ್ತೆ ಸಾಧನ ಕಡ್ಡಾಯ. ಆ ಮಾಹಿತಿ ಮಾಲೀಕರ ಕಂಪ್ಯೂಟರಿಗೆ ಹೋಗುವಂತೆ ಜಿಲ್ಲಾ ನಿಯಂತ್ರಣ ಕೊಠಡಿಗೂ ಬಂದರೆ, ಇಡಗುಂಜಿಯಲ್ಲಿ ರಥಸಪ್ತಮಿಯ ತೇರಿನ ದಿನ, ಗಣೇಶ ಚೌತಿಯ ದಿನ, ಕ್ರಾಸಿನಲ್ಲಿ ಜನ ಕಿಕ್ಕಿರಿದ ಗಂಟೆಗಳಲ್ಲಿ ಟ್ಯಾಂಕರುಗಳನ್ನು ಭಟ್ಕಳದ ಆಚೆಯೇ ತಡೆದು ನಿಲ್ಲಿಸಬಹುದು. ಶಾಲೆ ಬಿಡುವ ಹೊತ್ತಿಗೂ ಅಷ್ಟೇ. ಶರಾವತಿ, ಅಘನಾಶಿನಿ, ಗಂಗಾವಳಿಯಂಥ ಹೊಳೆಗಳು ಹರಿಯುವ ಸೀಮೆಯಲ್ಲಿ ಅಗ್ನಿಶಾಮಕಕ್ಕೆ ನೀರಿನ ಕೊರತೆ ಆಗಬಾರದು. ಸೇತುವೆಗಳ ಬುಡದಲ್ಲಿ, ದೊಡ್ಡ ಕೆರೆಗಳ ಏರಿಯಲ್ಲಿ ಪಂಪು ಇಳಿಸಿ ನೀರೆತ್ತುವ ಕಟ್ಟೆ ಕಟ್ಟಿದರೆ ಖರ್ಚು ದೊಡ್ಡದಲ್ಲ.

ಇನ್ನು ಊರಿನ ಕೆಲಸ. ಹೆದ್ದಾರಿಗೆ ತಾಗಿದ ಪ್ರತಿ ಗ್ರಾಮ ಪಂಚಾಯಿತಿ ತನ್ನ ಗಡಿಯೊಳಗಿನ ತಿರುವು, ತಗ್ಗು, ಕಾಲುವೆ, ಶಾಲೆ, ಅಂಗನವಾಡಿ, ಹಾಸಿಗೆ ಹಿಡಿದವರಿರುವ ಮನೆ ಇಷ್ಟನ್ನು ಒಂದು ನಕ್ಷೆಯಲ್ಲಿ ಗುರುತಿಸಬಹುದು. ಓಡಬೇಕಾದದ್ದು ಪಡುವಣದ ತಗ್ಗಿಗಲ್ಲ, ಗಾಳಿಗೆ ಅಡ್ಡಲಾಗಿ ಎತ್ತರದ ಕಡೆಗೆ ಎಂಬುದನ್ನು ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಹೇಳಬಹುದು. ಟ್ಯಾಂಕರು ಪಲ್ಟಿಯಾದ ಸುದ್ದಿ ಬಂದರೆ ನಸುಕಿನ ಐದು ಗಂಟೆಗೂ ಊರಿಗೆಲ್ಲ ಕೇಳುವ ಸಾಧನವೊಂದು ಹೆಚ್ಚಿನ ಊರುಗಳಲ್ಲಿ ಆಗಲೇ ಇದೆ. ದೇವಸ್ಥಾನದ, ಮಸೀದಿಯ, ಚರ್ಚಿನ ಧ್ವನಿವರ್ಧಕದಿಂದ ಆಗ ಹೊರಡಬೇಕಾದ ಮಾತುಗಳು ಇಷ್ಟೇ: ಬಚ್ಚಲ ಒಲೆಗೆ ಬೆಂಕಿ ಹಾಕಬೇಡಿ, ಉರಿಯುತ್ತಿದ್ದರೆ ಹಾಗೇ ಬಿಟ್ಟು ಹೊರಡಿ, ಸ್ವಿಚ್ಚು ಮುಟ್ಟಬೇಡಿ, ಬೈಕು ಚಾಲೂ ಮಾಡಬೇಡಿ, ಮಕ್ಕಳನ್ನು ಎತ್ತಿಕೊಂಡು ಗುಡ್ಡದ ಕಡೆ ನಡೆಯಿರಿ.